ಘಾಟಿ ರಸ್ತೆಯಲ್ಲಿ ಗೇರು ನಿಮ್ಮ ಕೈಲಿರಲಿ

ಕೋಣನಕುಂಟೆ ಕ್ರಾಸ್‌ನಲ್ಲಿ ನಾವು ದಿನಾ ಸಿಕ್ಕಿಹಾಕಿಕೊಳ್ಳೋ ರಸ್ತೆಗೆ ಕನಕಪುರ ರಸ್ತೆ ಅಂತ ಹೆಸರು. ಸರ್ಕಾರಿ ಲೆಕ್ಕದಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 948. ಇದನ್ನೇ ಹಿಡಿದು ಹೋಗ್ತಾ ಇದ್ದರೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ, ಪುಣಜನೂರು ಚೆಕ್‌ಪೋಸ್ಟ್ ಕಳೆದು, ಹಾಸನೂರಿನ ಕಾಡು ಮುಗಿಯುವ ಹೊತ್ತಿಗೆ ದಿಂಬಂ ಘಾಟಿ ಬರುತ್ತೆ. ಅಲ್ಲಿಂದ ಬಣ್ಣಾರಿ ಅಮ್ಮನ ಗುಡಿವರೆಗೆ 27 ಹೇರ್‌ಪಿನ್ ತಿರುವುಗಳು. ಒಂದೇ ರಸ್ತೆಯ ಈ ತುದಿಯಲ್ಲಿ ಮೆಟ್ರೋ ಕಂಬಗಳ ಕೆಳಗೆ ಆಮೆ ನಡಿಗೆ, ಆ ತುದಿಯಲ್ಲಿ ಆನೆ ಕಾಡಿನ ಇಳಿಜಾರು.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರೋ ಡೀಸೆಲ್ ಗಾಡಿಗೆ ಇವೆರಡೂ ಕಷ್ಟದ ಕೆಲಸಗಳೇ. ಆದರೆ ನಾವು ಎರಡನ್ನೂ ಒಂದೇ ಥರ ಓಡಿಸ್ತೀವಿ: ಲಿವರ್ ‘ಡಿ’ಗೆ ಹಾಕು, ಆಕ್ಸಿಲರೇಟರ್ ಒತ್ತು, ಉಳಿದದ್ದು ಗಾಡಿ ನೋಡಿಕೊಳ್ಳುತ್ತೆ. ನಾಲ್ಕು ಜನ ಕೂತು ಮೈಸೂರಿಗೆ ಹೋಗಿಬರೋಕೆ ಅಷ್ಟು ಸಾಕು. ಏಳು ಜನ, ತಲೆ ಮೇಲೆ ಲಗೇಜು, ಎದುರಿಗೆ ಘಾಟಿ ಅಂದಾಗ ಸಾಕಾಗಲ್ಲ. ಈ ವಾರ ಅದರದ್ದೇ ಮಾತು. ಭಾರ ಎಳೆಯುವಾಗ ಎಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕು, ಗೇರ್‌ಬಾಕ್ಸನ್ನು ಹೇಗೆ ಕಾಪಾಡಬೇಕು ಅನ್ನೋದು.

ನಮ್ಮೂರಿನ ‘ಟೋಯಿಂಗ್’

ಅಮೆರಿಕದಲ್ಲಿ ದೊಡ್ಡ ಡೀಸೆಲ್ ಪಿಕಪ್ ಟ್ರಕ್ ಹಿಂದೆ ದೋಣಿ, ಕುದುರೆ ಗಾಡಿ, ಚಕ್ರದ ಮೇಲಿನ ಮನೆ ಎಲ್ಲ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಅದಕ್ಕೇ ಅಂತ ಆ ಗಾಡಿಗಳಲ್ಲಿ ‘ಟೋ ಹಾಲ್’ ಅನ್ನೋ ಬಟನ್ ಇರುತ್ತೆ. ಒತ್ತಿದರೆ ಗೇರ್‌ಬಾಕ್ಸ್ ತನ್ನ ಸ್ವಭಾವ ಬದಲಾಯಿಸುತ್ತೆ. ಮೇಲಿನ ಗೇರಿಗೆ ಹೋಗೋಕೆ ಅವಸರ ಮಾಡಲ್ಲ, ಕೆಳಗಿನ ಗೇರನ್ನು ಹಿಡಿದುಕೊಂಡಿರುತ್ತೆ, ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ತಾನೇ ಒಂದು ಗೇರ್ ಇಳಿಸುತ್ತೆ.

ನಮ್ಮಲ್ಲಿ ಟ್ರೇಲರ್ ಎಳೆಯೋದು ಟ್ರ್ಯಾಕ್ಟರ್ ಕೆಲಸ. ಹೈಲಕ್ಸ್, ಇಸುಜು ವಿ-ಕ್ರಾಸ್ ಥರದ ಪಿಕಪ್‌ಗಳು ಬಂದಿವೆಯಾದರೂ ಹಿಂದೆ ಏನನ್ನಾದರೂ ಕಟ್ಟಿಕೊಂಡು ಓಡಾಡುವವರು ಕಡಿಮೆ. ಆದರೆ ಗೇರ್‌ಬಾಕ್ಸಿಗೆ ಭಾರ ಹಿಂದೆ ಕಟ್ಟಿದೆಯೋ, ಒಳಗೆ ಕೂತಿದೆಯೋ ಗೊತ್ತಾಗಲ್ಲ. ಅಪ್ಪ, ಅಮ್ಮ, ಅತ್ತೆ, ಮಾವ, ಗಂಡ, ಹೆಂಡತಿ, ಮಗು, ಜೊತೆಗೆ ಮೂರು ದಿನದ ಬಟ್ಟೆ, ಊರಿಂದ ವಾಪಸ್ ಬರುವಾಗ ಒಂದು ಮೂಟೆ ಅಕ್ಕಿ, ಹತ್ತು ತೆಂಗಿನಕಾಯಿ. ಆರಾಮಾಗಿ ಐನೂರು ಕೆಜಿ ಆಯ್ತು. ಸುಮಾರು ಎರಡು ಟನ್ನಿನ ಗಾಡಿ ಎರಡೂವರೆ ಟನ್ ಆಯ್ತು. ಅದನ್ನು ಚಾರ್ಮಾಡಿಗೋ, ಶಿರಾಡಿಗೋ, ಮಡಿಕೇರಿ ಕಡೆ ಸಂಪಾಜೆ ಘಾಟಿಗೋ ಹತ್ತಿಸೋದೇ ನಮ್ಮ ಟೋಯಿಂಗ್. ಬಟನ್ ಮಾತ್ರ ಇಲ್ಲ. ಆ ಬಟನ್ ಮಾಡೋ ಕೆಲಸವನ್ನು ನಾವೇ ಕೈಯಲ್ಲಿ ಮಾಡಬೇಕು.

ಎರಡು ಕಡಗೋಲು, ಒಂದು ಗಡಿಗೆ

2006ರಲ್ಲಿ ಬಿಎಂಟಿಸಿಯ ವೋಲ್ವೋ ಬಸ್ಸುಗಳು ಬೆಂಗಳೂರಿನ ರಸ್ತೆಗಿಳಿದಾಗ, ಅಷ್ಟು ದೊಡ್ಡ ಡೀಸೆಲ್ ಬಸ್ಸನ್ನು ಕ್ಲಚ್ ಒತ್ತದೆ ಓಡಿಸೋದನ್ನು ಮುಂದಿನ ಸೀಟಿನಲ್ಲಿ ಕೂತು ಬೆರಗಾಗಿ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಕ್ಲಚ್ ಇಲ್ಲದೆ ಎಂಜಿನ್ ಶಕ್ತಿ ಚಕ್ರಕ್ಕೆ ಹೋಗೋದು ಹೇಗೆ? ಮಧ್ಯದಲ್ಲಿ ಟಾರ್ಕ್ ಕನ್ವರ್ಟರ್ ಅಂತ ಒಂದು ಭಾಗ ಇದೆ.

ಅಜ್ಜಿ ಮಜ್ಜಿಗೆ ಕಡೆಯೋದನ್ನು ನೆನಪಿಸಿಕೊಳ್ಳಿ. ಕಡಗೋಲು ತಿರುಗಿದರೆ ಗಡಿಗೆಯೊಳಗಿನ ಮಜ್ಜಿಗೆ ಸುತ್ತುತ್ತೆ. ಅದೇ ಗಡಿಗೆಗೆ ಇನ್ನೊಂದು ಕಡಗೋಲು ಇಳಿಬಿಟ್ಟರೆ ಮಜ್ಜಿಗೆಯ ಸೆಳೆತಕ್ಕೆ ಅದೂ ತಿರುಗುತ್ತೆ. ಮೊದಲನೇ ಕಡಗೋಲು ಎಂಜಿನ್ನಿಗೆ ಸೇರಿದ್ದು, ಎರಡನೆಯದು ಗೇರ್‌ಬಾಕ್ಸಿಗೆ. ಮಜ್ಜಿಗೆ ಜಾಗದಲ್ಲಿ ಎಟಿಎಫ್ ಅಂತ ಕರೆಯೋ ಎಣ್ಣೆ. ಗಾಡಿ ನಿಂತಾಗ ಎರಡನೇ ಕಡಗೋಲು ನಿಂತಿರುತ್ತೆ, ಮೊದಲನೆಯದು ತಿರುಗ್ತಾನೇ ಇರುತ್ತೆ. ಎಂಜಿನ್ ಆಫ್ ಆಗದೇ ಇರೋದು ಇದರಿಂದಲೇ.

ಒಂದೇ ತೊಂದರೆ. ಎರಡೂ ಕಡಗೋಲುಗಳ ವೇಗದಲ್ಲಿ ವ್ಯತ್ಯಾಸ ಇದ್ದಷ್ಟು ಹೊತ್ತು ಎಣ್ಣೆ ಕಡೆದು ಕಡೆದು ಬಿಸಿಯಾಗುತ್ತೆ. ಹಾಗಾಗಿ ಗಾಡಿ ಓಟಕ್ಕೆ ಬಿದ್ದ ಮೇಲೆ ಲಾಕ್-ಅಪ್ ಕ್ಲಚ್ ಅನ್ನೋದು ಎರಡನ್ನೂ ಗಟ್ಟಿಯಾಗಿ ಹಿಡಿದು ಜೋಡಿಸುತ್ತೆ. ಜೋಡಿಸಿದ ಮೇಲೆ ಜಾರಿಕೆ ಇಲ್ಲ, ಆ ಬಿಸಿಯೂ ಇಲ್ಲ. ಆದರೆ ಭಾರ ಹೆಚ್ಚಿದ್ದು, ಎಂಜಿನ್ ವೇಗ ತೀರಾ ಕಡಿಮೆ ಇದ್ದು, ನಾವು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಕಂಪ್ಯೂಟರ್ ಲಾಕ್-ಅಪ್ ಬಿಡಿಸಿಬಿಡುತ್ತೆ. ಮತ್ತೆ ಕಡೆತ ಶುರು.

ಎಷ್ಟು ಬಿಸಿ ಅಂತ ಒಂದು ಅಂದಾಜು ಲೆಕ್ಕ ಹಾಕೋಣ. ಎರಡೂವರೆ ಟನ್ ಗಾಡಿಯನ್ನು ನೂರಕ್ಕೆ ಎಂಟರ ಏರಿನಲ್ಲಿ, ಅಂದರೆ ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವ ರಸ್ತೆಯಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಿಸೋಕೆ ಸುಮಾರು 26 ಕಿಲೋವ್ಯಾಟ್ ಬೇಕು. ಅದರಲ್ಲಿ ನೂರಕ್ಕೆ ಹದಿನೈದು ಪಾಲು ಕಡೆತದಲ್ಲಿ ಹೋಯ್ತು ಅಂದುಕೊಳ್ಳಿ. ಅದು ಸುಮಾರು 4 ಕಿಲೋವ್ಯಾಟ್. ಬಕೆಟ್ ನೀರು ಕಾಯಿಸೋ 1500 ವ್ಯಾಟಿನ ಹೀಟರ್ ಕಾಯಿಲ್ ನೋಡಿದ್ದೀರಲ್ಲ, ಅಂಥ ಎರಡೂವರೆ ಕಾಯಿಲನ್ನು ಗೇರ್‌ಬಾಕ್ಸ್ ಎಣ್ಣೆಯೊಳಗೆ ಇಳಿಬಿಟ್ಟು ಸ್ವಿಚ್ ಹಾಕಿದ ಹಾಗೆ. ಈ ಬಿಸಿಯನ್ನು ಹೊರಗೆ ಹಾಕೋಕೆ ಕೂಲರ್ ಇದೆ, ನಿಜ. ಆದರೆ ನಿಧಾನವಾಗಿ ತೆವಳುವ ಗಾಡಿಗೆ ಗಾಳಿಯೂ ಕಡಿಮೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಾಳಾಗೋ ಕಾರಣಗಳಲ್ಲಿ ಬಿಸಿಗೇ ಮೊದಲ ಸ್ಥಾನ. ಸಾಮಾನ್ಯವಾಗಿ ಎಣ್ಣೆ 80ರಿಂದ 100 ಡಿಗ್ರಿ ಸೆಲ್ಸಿಯಸ್ ನಡುವೆ ನೆಮ್ಮದಿಯಾಗಿರುತ್ತೆ. ಅದರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಈ ಕಸುಬಿನವರ ಕೈಲೆಕ್ಕ. ಎಣ್ಣೆ ಸುಟ್ಟರೆ ಒಳಗಿನ ಕ್ಲಚ್ ಪ್ಲೇಟು ಜಾರುತ್ತೆ, ಜಾರಿದರೆ ಇನ್ನೂ ಬಿಸಿ. ಕೊನೆಗೆ ಬರೋ ಬಿಲ್ಲು ಲಕ್ಷಗಳಲ್ಲಿ.

ಮುಳ್ಳು ಎಲ್ಲಿರಬೇಕು?

‘ಎಂಜಿನ್ ಸದ್ದು ಜೋರಾಯ್ತು, ಪಾಪ ಗಾಡಿಗೆ ಕಷ್ಟ ಆಗ್ತಿದೆ’ ಅನ್ನೋ ಮಾತನ್ನು ಹಿಂದಿನ ಸೀಟಿನಿಂದ ಕೇಳಿರ್ತೀರಿ. ಭಾರ ಎಳೆಯುವಾಗ ಇದು ಬಹುಪಾಲು ತಲೆಕೆಳಗಾದ ಮಾತು. ಕಡಿಮೆ ಆರ್‌ಪಿಎಂನಲ್ಲಿ, ಸದ್ದೇ ಇಲ್ಲದೆ, ಗುಂಯ್ ಅಂತ ಒಳಗೊಳಗೇ ನಡುಗುತ್ತಾ ಹತ್ತೋ ಎಂಜಿನ್ನಿಗೇ ನಿಜವಾದ ಕಷ್ಟ.

ಗೇರ್ ಸೈಕಲ್ ಓಡಿಸಿದವರಿಗೆ ಇದು ಮೊಣಕಾಲಿಗೇ ಗೊತ್ತಿರುತ್ತೆ. ಏರಿನಲ್ಲಿ ದೊಡ್ಡ ಗೇರ್ ಇಟ್ಟುಕೊಂಡರೆ ಪೆಡಲ್ ನಿಧಾನ ತಿರುಗುತ್ತೆ, ಪ್ರತಿ ತುಳಿತಕ್ಕೂ ಜೀವ ಹೋಗುತ್ತೆ. ಸಣ್ಣ ಗೇರಿಗೆ ಬಂದರೆ ಕಾಲು ಬೇಗಬೇಗ ಆಡುತ್ತೆ, ಒಂದೊಂದು ತುಳಿತ ಹಗುರ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಆ 26 ಕಿಲೋವ್ಯಾಟ್ ಶಕ್ತಿಯನ್ನು 1200 ಆರ್‌ಪಿಎಂನಲ್ಲಿ ಕೊಡಬೇಕಾದರೆ ಎಂಜಿನ್ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್ ಹಾಕಬೇಕು. 2200 ಆರ್‌ಪಿಎಂ ಆದರೆ ಸುಮಾರು 110 ಸಾಕು. ಅದೇ ಕೆಲಸ, ಪ್ರತಿ ಸುತ್ತಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಶ್ರಮ.

ಇನ್ನೊಂದು ವಿಷಯ ಟರ್ಬೊ. ಡೀಸೆಲ್ ಎಂಜಿನ್ನಿನ ಬಲ ಟರ್ಬೊ ಎಚ್ಚರವಾದ ಮೇಲೆ ಬರೋದು. ಕಂಪನಿಗಳು ಕೊಡೋ ಅಂಕಿ ನೋಡಿ. ಕ್ರೆಟಾದ 1.5 ಲೀಟರ್ ಡೀಸೆಲ್‌ನಲ್ಲಿ 250 ನ್ಯೂಟನ್ ಮೀಟರ್ ಸಿಗೋದು 1500ರಿಂದ 2750 ಆರ್‌ಪಿಎಂ ನಡುವೆ. ಎಕ್ಸ್‌ಯುವಿ 700ರ ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ 450, ಅದು 1750ರಿಂದ 2800ರ ನಡುವೆ. ಫಾರ್ಚೂನರ್‌ನ 2.8 ಲೀಟರ್ ಆಟೋಮ್ಯಾಟಿಕ್‌ನಲ್ಲಿ 500, 1600ರಿಂದ 2800. ವಿ-ಕ್ರಾಸ್‌ನ 1.9 ಲೀಟರ್‌ನಲ್ಲಿ 360, ಅದೂ 2000ರಿಂದ 2500ರ ಕಿರಿದಾದ ಪಟ್ಟಿಯಲ್ಲಿ. ಎಲ್ಲದರಲ್ಲೂ ಪೂರ್ತಿ ಬಲ ಸಿಗೋ ಜಾಗ 2000ದಿಂದ 2500. 1200ರಲ್ಲಿ ಯಾವುದೂ ಪೂರ್ತಿ ಎದ್ದಿರಲ್ಲ.

ಆದ್ದರಿಂದ ಭಾರ ಇದ್ದು ಏರು ಇದ್ದರೆ ಮುಳ್ಳು 2000ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಇರದಂತೆ ನೋಡಿಕೊಳ್ಳಿ. 2000ದಿಂದ 3000 ನೆಮ್ಮದಿಯ ವಲಯ. ಆಕ್ಸಿಲರೇಟರ್ ಮುಕ್ಕಾಲು ಒತ್ತಿದರೂ ವೇಗ ಏರ್ತಿಲ್ಲ ಅಂದರೆ ಇನ್ನೂ ಒತ್ತಬೇಡಿ, ಒಂದು ಗೇರ್ ಇಳಿಸಿ. ಎಂಜಿನ್ ಬೇಗ ತಿರುಗಿದಾಗ ಅದರ ಆಯಿಲ್ ಪಂಪ್, ಗೇರ್‌ಬಾಕ್ಸ್ ಎಣ್ಣೆ ಪಂಪ್ ಎರಡೂ ಬೇಗ ತಿರುಗ್ತವೆ. ಎಷ್ಟೋ ಗಾಡಿಗಳಲ್ಲಿ ನೀರಿನ ಪಂಪ್ ಕೂಡ. ಹಾಗಾಗಿ ಬಿಸಿ ಹೊರಗೆ ಹೋಗೋದೂ ಬೇಗ. ಕಡಿಮೆ ಆರ್‌ಪಿಎಂನಲ್ಲಿ ಜಗ್ಗಾಡಿಸಿದರೆ ಬೇರಿಂಗ್ ಮೇಲೆ ಒತ್ತಡ ಹೆಚ್ಚು, ಮಸಿ ಹೆಚ್ಚು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿ ನಿಮ್ಮದಾಗಿದ್ದರೆ ಆ ಮಸಿ ಹೋಗಿ ಕೂರೋದು ಡಿಪಿಎಫ್ ಫಿಲ್ಟರ್‌ನಲ್ಲಿ.

ಗೇರ್‌ಬಾಕ್ಸಿಗೆ ಮುಂದಿನ ತಿರುವು ಕಾಣಲ್ಲ

ಸಾಫ್ಟ್‌ವೇರ್ ಕೆಲಸದವರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ರಾಫಿಕ್ ಬಂದ ಮೇಲೆ ಸರ್ವರ್ ಹೆಚ್ಚಿಸೋ ವ್ಯವಸ್ಥೆ ಒಂದು ಬಗೆ. ಬೆಳಗ್ಗೆ ಹತ್ತಕ್ಕೆ ಸೇಲ್ ಶುರು ಅಂತ ಗೊತ್ತಿದ್ದು ಒಂಬತ್ತೂವರೆಗೇ ಸರ್ವರ್ ಎಬ್ಬಿಸಿ ಇಡೋದು ಇನ್ನೊಂದು ಬಗೆ. ನಮ್ಮ ಮಾಮೂಲಿ ಗಾಡಿಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮೊದಲನೇ ಬಗೆಯದು. ವೇಗ, ಆಕ್ಸಿಲರೇಟರ್, ಎಂಜಿನ್ ಭಾರ ಇವನ್ನು ಅಳೆದು ಆಮೇಲೆ ನಿರ್ಧಾರ ಮಾಡುತ್ತೆ. ಐವತ್ತು ಮೀಟರ್ ಮುಂದೆ ಹೇರ್‌ಪಿನ್ ಇದೆ, ಎದುರಿಂದ ಬಸ್ ಬರ್ತಿದೆ ಅನ್ನೋದು ಅದಕ್ಕೆ ಕಾಣಲ್ಲ. ನಿಮಗೆ ಕಾಣುತ್ತೆ.

ಪರಿಣಾಮ ಏನು ಗೊತ್ತಾ? ತಿರುವಿಗೆ ಮುಂಚೆ ನೀವು ಕಾಲು ತೆಗೀತೀರಿ. ಅದು ‘ಓ, ಭಾರ ಇಲ್ಲ’ ಅಂದುಕೊಂಡು ಮೇಲಿನ ಗೇರಿಗೆ ಹೋಗುತ್ತೆ. ತಿರುವಿನ ಮಧ್ಯೆ, ಏರು ಕಡಿದಾಗಿರೋ ಜಾಗದಲ್ಲಿ ನೀವು ಮತ್ತೆ ಒತ್ತುತ್ತೀರಿ. ಅದು ಒಂದು ಕ್ಷಣ ಯೋಚಿಸಿ ಧಡ್ ಅಂತ ಎರಡು ಗೇರ್ ಇಳಿಸುತ್ತೆ. ಮುಂದಿನ ತಿರುವಿನಲ್ಲಿ ಮತ್ತದೇ. ಮೂರು, ನಾಲ್ಕು, ಮೂರು, ನಾಲ್ಕು. ಪ್ರತಿ ಬದಲಾವಣೆಗೂ ಒಳಗಿನ ಕ್ಲಚ್ ಪ್ಲೇಟುಗಳು ಉಜ್ಜಬೇಕು, ಪ್ರತಿ ಉಜ್ಜುವಿಕೆಯೂ ಬಿಸಿ. ಆಗುಂಬೆಯ 14 ತಿರುವಿನಲ್ಲಿ ಇದು ಎಷ್ಟು ಸಲ, ದಿಂಬಂನ 27ರಲ್ಲಿ ಎಷ್ಟು ಸಲ ಅಂತ ನೀವೇ ಲೆಕ್ಕ ಹಾಕಿ.

ಪರಿಹಾರ ಸುಲಭ. ಘಾಟಿ ಶುರುವಾಗೋ ಮುಂಚೆ ಲಿವರನ್ನು ‘ಎಂ’ ಅಥವಾ ‘ಎಸ್’ ಕಡೆಗೆ ತಳ್ಳಿ, ಮೈನಸ್ ಒತ್ತಿ ಎರಡೋ ಮೂರೋ ಗೇರಿಗೆ ತನ್ನಿ. ಹೇರ್‌ಪಿನ್‌ಗೆ ಸಾಮಾನ್ಯವಾಗಿ ಎರಡು, ನಡುವಿನ ಉದ್ದ ಏರಿಗೆ ಮೂರು. ಹಳೇ ಗಾಡಿಗಳಲ್ಲಿ ‘ಎಲ್’, ‘2’ ಅಥವಾ ಓವರ್‌ಡ್ರೈವ್ ಆಫ್ ಬಟನ್ ಇರುತ್ತೆ, ಅದೂ ಆಗುತ್ತೆ. ಗೇರ್ ಇಳಿಸೋದು ತಿರುವಿಗೆ ಮುಂಚೆ ಆಗಿರಲಿ, ತಿರುವಿನೊಳಗೆ ಬೇಡ. ತಪ್ಪಿ ತೀರಾ ಕೆಳಗಿನ ಗೇರ್ ಕೇಳಿದರೂ ಎಂಜಿನ್ ಮಿತಿ ಮೀರೋ ಹಾಗಿದ್ದರೆ ಈಗಿನ ಕಂಪ್ಯೂಟರ್ ಒಪ್ಪಲ್ಲ, ಆ ಹೆದರಿಕೆ ಬೇಡ. ಎಸಿ ಹಾಕಿಕೊಂಡು ಹತ್ತುವಾಗ ಎಂಜಿನ್ ಟೆಂಪರೇಚರ್ ಏರ್ತಾ ಇದ್ದರೆ ಹತ್ತು ನಿಮಿಷ ಎಸಿ ಆರಿಸಿ ಕಿಟಕಿ ತೆಗೆಯಿರಿ, ಮಲೆನಾಡಿನ ಗಾಳಿ ಹೇಗೂ ಪುಕ್ಕಟೆ.

ಮೇಲೆ ತಲುಪಿದ ತಕ್ಷಣ ಕೀ ತಿರುಗಿಸಿ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಟರ್ಬೊಗೂ ಗೇರ್‌ಬಾಕ್ಸಿಗೂ ಆರೋಕೆ ಸಮಯ ಸಿಗಲಿ.

ಹತ್ತಿದ ಗೇರಲ್ಲೇ ಇಳಿ

ಹತ್ತುವಾಗ ತಪ್ಪಿದರೆ ದುಡ್ಡು ಹೋಗುತ್ತೆ. ಇಳಿಯುವಾಗ ತಪ್ಪಿದರೆ ಜೀವದ ಪ್ರಶ್ನೆ. ಅದಕ್ಕೇ ಲಾರಿ ಡ್ರೈವರ್‌ಗಳು ತಲೆತಲಾಂತರದಿಂದ ಹೇಳಿಕೊಂಡು ಬಂದಿರೋ ಮಾತು: ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ.

ಇದಕ್ಕೂ ಒಂದು ಲೆಕ್ಕ ಇದೆ. ಅದೇ ಎರಡೂವರೆ ಟನ್ ಗಾಡಿ ಘಾಟಿಯಲ್ಲಿ 700 ಮೀಟರ್ ಕೆಳಗಿಳಿಯಿತು ಅಂದುಕೊಳ್ಳಿ. ಆ ಎತ್ತರದಿಂದ ಬಿಡುಗಡೆಯಾಗೋ ಶಕ್ತಿ ಸುಮಾರು 17 ಮೆಗಾಜೂಲ್. ಐವತ್ತು ಲೀಟರ್ ತಣ್ಣೀರನ್ನು ಕುದಿಯೋ ಹಂತಕ್ಕೆ ತರೋಕೆ ಅಷ್ಟು ಸಾಕು. ಬಚ್ಚಲಮನೆಯ ಒಂದು ಹಂಡೆ ನೀರು ಕೊತಕೊತ ಕುದಿಯುವಷ್ಟು ಬಿಸಿ. ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು ಇಳಿದರೆ ಅದರ ಬಹುಪಾಲು ಹೋಗಿ ಸೇರೋದು ನಾಲ್ಕು ಚಕ್ರದ ಬ್ರೇಕುಗಳಿಗೆ. ಮೊದಲು ವಾಸನೆ ಬರುತ್ತೆ, ಆಮೇಲೆ ಬ್ರೇಕ್ ಹಿಡಿಯೋದು ಕಡಿಮೆ ಆಗುತ್ತೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಸೇರಿದ್ದರೆ ಅದು ಕುದ್ದು, ಪೆಡಲ್ ಮೆತ್ತಗೆ ಕೆಳಗೆ ಹೋಗಿಬಿಡುತ್ತೆ.

ಕೆಳಗಿನ ಗೇರ್ ಹಾಕಿದರೆ ಆ ಶಕ್ತಿಯ ದೊಡ್ಡ ಪಾಲನ್ನು ಎಂಜಿನ್ ತಿನ್ನುತ್ತೆ. ಡೀಸೆಲ್ ಎಂಜಿನ್ನಿನ ಎಂಜಿನ್ ಬ್ರೇಕಿಂಗ್ ಪೆಟ್ರೋಲ್‌ನಷ್ಟು ಬಿಗಿ ಇರಲ್ಲ. ದೊಡ್ಡ ಬಸ್ಸು ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್, ರಿಟಾರ್ಡರ್ ಅಂತ ಬೇರೆಯಾಗಿ ಕೊಡೋದು ಅದಕ್ಕೇ. ನಮ್ಮ ಕಾರಿಗೆ ಅವೆಲ್ಲ ಇಲ್ಲ. ಆದ್ದರಿಂದ ಇಳಿಯುವಾಗ ಇನ್ನೂ ಒಂದು ಗೇರ್ ಕೆಳಗಿದ್ದರೂ ಸರಿ. ಮುಳ್ಳು 2500, 3000 ತೋರಿಸಿದರೆ ಗಾಬರಿ ಬೇಡ. ಕೆಂಪು ಗೆರೆಯ ಹತ್ತಿರ ಹೋಗೋಕೆ ಬಿಡಬೇಡಿ, ಅಷ್ಟೇ. ಇಳಿಜಾರು ಗಾಡಿಯನ್ನು ತಳ್ಳಿ ಎಂಜಿನ್ ಓಡಿಸುವಾಗ ಕಂಪ್ಯೂಟರ್‌ಗೂ ಅದನ್ನು ತಡೆಯೋಕೆ ಆಗಲ್ಲ. ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಒತ್ತು, ಬಿಡು. ಸವರುತ್ತಾ ಇರೋದು ಬೇಡ.

ಇಳಿಜಾರಿನಲ್ಲಿ ‘ಎನ್’ ಹಾಕಿ ಡೀಸೆಲ್ ಉಳಿಸ್ತೀನಿ ಅನ್ನೋರು ಇನ್ನೂ ಇದ್ದಾರೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್ನುಗಳು ಡೀಸೆಲ್ ಸಿಂಪಡಿಸೋದನ್ನೇ ನಿಲ್ಲಿಸ್ತವೆ. ‘ಎನ್’ನಲ್ಲಿ ಎಂಜಿನ್ ಉಸಿರಾಡೋಕಾದರೂ ಡೀಸೆಲ್ ಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಊರೊಳಗಿನ ಘಾಟಿ

ವರ್ಷಕ್ಕೆ ಎರಡು ಸಲ ಘಾಟಿ, ವಾರಕ್ಕೆ ಐದು ದಿನ ಸಿಲ್ಕ್ ಬೋರ್ಡ್. ಹಾಗಾಗಿ ಇದನ್ನೂ ಹೇಳಬೇಕು. ಏರುರಸ್ತೆಯಲ್ಲಿ, ಫ್ಲೈಓವರ್ ಮೇಲೆ ಗಾಡಿ ನಿಂತಾಗ ಆಕ್ಸಿಲರೇಟರ್ ಚೂರು ಒತ್ತಿಕೊಂಡು ಹಿಂದೆ ಜಾರದ ಹಾಗೆ ನಿಲ್ಲಿಸೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಅದು ಎಣ್ಣೆ ಕಡೆಯೋ ಕೆಲಸ. ನಿಮ್ಮದು ಎಎಂಟಿ ಗಾಡಿಯಾಗಿದ್ದರೆ ಇನ್ನೂ ಕೆಟ್ಟದ್ದು. ಅಲ್ಲಿ ಟಾರ್ಕ್ ಕನ್ವರ್ಟರ್ ಇರಲ್ಲ, ಮಾಮೂಲಿ ಕ್ಲಚ್ಚನ್ನೇ ಮೋಟರ್ ಒತ್ತೋದು. ನೇರವಾಗಿ ಕ್ಲಚ್ ಪ್ಲೇಟು ಸುಡುತ್ತೆ. ನಿಂತಾಗ ಬ್ರೇಕ್, ಹೊರಡುವಾಗ ಆಕ್ಸಿಲರೇಟರ್, ಎರಡರ ನಡುವೆ ಏನೂ ಬೇಡ.

ಅರ್ಧ ನಿಮಿಷದ ಸಿಗ್ನಲ್‌ಗೆ ‘ಡಿ’ಯಲ್ಲೇ ಬ್ರೇಕ್ ಹಿಡಿದಿರಿ. ಎರಡು ಮೂರು ನಿಮಿಷ ಅಂತ ಗೊತ್ತಿದ್ದರೆ ‘ಎನ್’ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಂಚಿಂಚು ಜರುಗೋ ಬದಲು ಮುಂದಿನ ಗಾಡಿ ಎರಡು ಕಾರಿನಷ್ಟು ಜಾಗ ಬಿಡಲಿ ಅಂತ ಕಾದು ಹೊರಡಿ. ಹಾರ್ನ್ ಹೊಡೆಯೋರು ಹೊಡೀತಾರೆ ಬಿಡಿ.

ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗ ಮೊದಲು ‘ಪಿ’ ಹಾಕಿ ಕಾಲು ತೆಗೆದರೆ ಗಾಡಿಯ ಪೂರ್ತಿ ಭಾರ ಗೇರ್‌ಬಾಕ್ಸ್ ಒಳಗಿನ ಹೆಬ್ಬೆರಳಿನಷ್ಟು ಕೊಕ್ಕೆಯ ಮೇಲೆ ಬೀಳುತ್ತೆ. ಹಾಗಾಗಿ ಬ್ರೇಕ್ ಒತ್ತಿ ‘ಎನ್’, ಹ್ಯಾಂಡ್‌ಬ್ರೇಕ್, ಬ್ರೇಕಿನಿಂದ ಕಾಲು ತೆಗೆದು ಗಾಡಿ ನಿಂತಿದೆ ಅಂತ ನೋಡಿ, ಮತ್ತೆ ಬ್ರೇಕ್ ಒತ್ತಿ ‘ಪಿ’.

ಎಳೆಯೋದು, ಎಳೆಸಿಕೊಳ್ಳೋದು

ತೋಟದ ಕೆಸರಲ್ಲಿ ಸಿಕ್ಕಿಕೊಂಡ ನೆಂಟರ ಕಾರಿಗೆ ಹಗ್ಗ ಕಟ್ಟಿ ‘ನಿಮ್ಮದು ದೊಡ್ಡ ಗಾಡಿ ಅಲ್ವಾ ಭಾವ, ಸ್ವಲ್ಪ ಎಳೀರಿ’ ಅನ್ನೋ ಸಂದರ್ಭ ಬಂದೇ ಬರುತ್ತೆ. ಕಾರಿನ ಟೂಲ್ ಕಿಟ್‌ನಲ್ಲಿ ತಿರುಪಿ ಹಾಕೋ ಕೊಕ್ಕೆ ಇರುತ್ತೆ, ಹಗ್ಗ ಅದಕ್ಕೇ ಕಟ್ಟಿ. ಬಂಪರ್‌ಗೆ ಬೇಡ. ನಿಮ್ಮದು ಫೋರ್ ವೀಲ್ ಡ್ರೈವ್ ಆಗಿದ್ದರೆ ಮಣ್ಣಿನಲ್ಲಿ ಲೋ ರೇಂಜ್ ಹಾಕಿ. ಇಲ್ಲದಿದ್ದರೆ ಮ್ಯಾನುವಲ್‌ನಲ್ಲಿ ಒಂದನೇ ಗೇರ್. ಹಗ್ಗ ಬಿಗಿಯಾಗೋವರೆಗೆ ತೆವಳಿ, ಆಮೇಲೆ ಮೆತ್ತಗೆ ಒತ್ತಿ. ಐದಾರು ಸೆಕೆಂಡಿನಲ್ಲಿ ಕದಲದಿದ್ದರೆ ಕಾಲು ತೆಗೆಯಿರಿ. ಚಕ್ರ ತಿರುಗದೆ ಎಂಜಿನ್ ಮಾತ್ರ ಮೊರೆಯುತ್ತಿದ್ದರೆ ಆಗ ಹಾಕೋ ಪೂರ್ತಿ ಶಕ್ತಿ ಎಣ್ಣೆ ಕಾಯಿಸೋಕೇ ಹೋಗುತ್ತೆ. ಹಗ್ಗದ ನೇರಕ್ಕೆ ಯಾರೂ ನಿಂತಿರಬಾರದು, ಮಕ್ಕಳಂತೂ ದೂರ ಇರಲಿ. ರಸ್ತೆಯಲ್ಲಿ ಎಳೆಯೋದಾದರೆ ಎರಡು ಗಾಡಿ ನಡುವೆ ಐದು ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು, ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇರೋರು ಸ್ಟೀರಿಂಗ್ ಹಿಡಿದಿರಬೇಕು ಅಂತ ನಿಯಮ ಇದೆ. ಹತ್ತಿರದ ಸುರಕ್ಷಿತ ಜಾಗದವರೆಗೆ ಮಾತ್ರ ಈ ಸಾಹಸ.

ಕೆಟ್ಟು ನಿಂತದ್ದು ನಿಮ್ಮ ಆಟೋಮ್ಯಾಟಿಕ್ ಗಾಡಿಯೇ ಆಗಿದ್ದರೆ? ಗೇರ್‌ಬಾಕ್ಸಿಗೆ ಎಣ್ಣೆ ಹಾಯಿಸೋ ಪಂಪ್ ಓಡೋದು ಎಂಜಿನ್ನಿನಿಂದ. ಎಂಜಿನ್ ಆಫ್ ಆಗಿದ್ದಾಗ ಚಕ್ರ ಉರುಳಿಸಿಕೊಂಡು ಹೋದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗ್ತವೆ. ತಳ್ಳಿ ಸ್ಟಾರ್ಟ್ ಮಾಡೋದಂತೂ ಇದರಲ್ಲಿ ಆಗೋದೇ ಇಲ್ಲ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದರೆ ಫೋನ್ ಮಾಡುವಾಗಲೇ ‘ಆಟೋಮ್ಯಾಟಿಕ್ ಗಾಡಿ, ಫ್ಲ್ಯಾಟ್‌ಬೆಡ್ಡೇ ಕಳಿಸಿ’ ಅಂತ ಹೇಳಿ. ನಾಲ್ಕೂ ಚಕ್ರ ಮೇಲೆ ಹತ್ತಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಯ ಮೂತಿ ಎತ್ತಿಕೊಂಡು ಎಳೆದುಕೊಂಡು ಹೋಗೋಕೆ ಬಿಡಬೇಡಿ.

ಎಣ್ಣೆ ಯಾವಾಗ ಬದಲಾಯಿಸಬೇಕು?

‘ಇದು ಲೈಫ್‌ಟೈಮ್ ಆಯಿಲ್ ಸರ್, ಬದಲಾಯಿಸೋ ಹಾಗೇ ಇಲ್ಲ’ ಅನ್ನೋ ಮಾತು ಸರ್ವಿಸ್ ಕೌಂಟರ್‌ನಲ್ಲಿ ಕೇಳಿಬರುತ್ತೆ. ಯಾರ ಲೈಫು ಅನ್ನೋದೇ ಪ್ರಶ್ನೆ. ಗೇರ್‌ಬಾಕ್ಸ್ ತಯಾರಿಸೋ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಿಗೆ 80 ಸಾವಿರದಿಂದ 1.2 ಲಕ್ಷ ಕಿ.ಮೀ. ನಡುವೆ, ತಡವೆಂದರೆ ಎಂಟು ವರ್ಷಕ್ಕೆ ಎಣ್ಣೆ ಬದಲಾಯಿಸಿ ಅನ್ನುತ್ತೆ. ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ‘ಕಠಿಣ ಬಳಕೆ’ ಅನ್ನೋ ಅರ್ಥದ ಒಂದು ಪುಟ ಹುಡುಕಿ. ನಿಂತು ನಿಂತು ಹೋಗೋ ಟ್ರಾಫಿಕ್, ಬೆಟ್ಟದ ರಸ್ತೆ, ಧೂಳು, ಸೆಕೆ, ಭಾರ ಎಳೆಯೋದು ಇಂಥವೇ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರೋದು. ಓದಿದರೆ ಬೆಂಗಳೂರಿನ ವಿವರಣೆ ಓದಿದ ಹಾಗಿರುತ್ತೆ. ಆ ಪುಟದಲ್ಲಿರೋ ಕಿಲೋಮೀಟರೇ ನಮ್ಮದು.

ಎಣ್ಣೆಯ ಸ್ಪೆಸಿಫಿಕೇಶನ್ ಕೂಡ ಮ್ಯಾನುವಲ್‌ನಲ್ಲಿರೋದೇ ಆಗಬೇಕು. ಜೆ.ಸಿ. ರಸ್ತೆಗೆ ಹೋದರೆ ಬಗೆಬಗೆಯ ಎಟಿಎಫ್ ಸಿಗುತ್ತೆ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಒಳಗಿನದು ಒಂದೇ ಅಲ್ಲ.

ಈ ಲಕ್ಷಣ ಕಂಡರೆ ಕಾಯಬೇಡಿ

‘ಡಿ’ ಅಥವಾ ‘ಆರ್’ ಹಾಕಿದ ಮೇಲೆ ಒಂದೆರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅನ್ನೋದು. ಆರ್‌ಪಿಎಂ ಏರಿದರೂ ವೇಗ ಏರದಿರೋದು. 50, 60ರ ವೇಗದಲ್ಲಿ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಸಣ್ಣ ನಡುಕ. ಸುಟ್ಟ ವಾಸನೆ. ಗಾಡಿ ನಿಂತ ಜಾಗದಲ್ಲಿ ಕೆಂಪು ಎಣ್ಣೆಯ ಹನಿ. ಇವುಗಳಲ್ಲಿ ಯಾವುದಿದ್ದರೂ ಊರಿಗೆ ಹೋಗಿಬಂದ ಮೇಲೆ ತೋರಿಸೋಣ ಅನ್ನಬೇಡಿ, ಹೋಗೋ ಮುಂಚೆ ತೋರಿಸಿ.

ಘಾಟಿ ಮಧ್ಯೆ ಗೇರ್‌ಬಾಕ್ಸ್ ಬಿಸಿ ಅನ್ನೋ ಎಚ್ಚರಿಕೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ‘ಪಿ’ ಹಾಕಿ, ಎಂಜಿನ್ ಮಾತ್ರ ಓಡ್ತಾ ಇರಲಿ. ಓಡುತ್ತಿದ್ದರೆ ಪಂಪ್ ಎಣ್ಣೆಯನ್ನು ಕೂಲರ್ ಮೂಲಕ ಸುತ್ತಿಸುತ್ತೆ, ಬೇಗ ಆರುತ್ತೆ. ಎಂಜಿನ್ ಟೆಂಪರೇಚರ್ ಮುಳ್ಳೂ ಕೆಂಪಿಗೆ ಹೋಗಿದ್ದರೆ ಮಾತ್ರ ನಿಮ್ಮ ಮ್ಯಾನುವಲ್ ಹೇಳಿದ ಹಾಗೆ ಮಾಡಿ. ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ಬಿಸಿಯಲ್ಲಿ ತೆಗೆಯಬೇಡಿ.

ಇನ್ನೊಂದು ಕೆಲಸ ಇದೆ, ಈ ಶನಿವಾರವೇ ಮಾಡಬಹುದು. ನೈಸ್ ರಸ್ತೆ ದಾಟಿ ತಲಘಟ್ಟಪುರದ ಆಚೆ ಕನಕಪುರ ರಸ್ತೆ ಸ್ವಲ್ಪ ಬಿಡುವಾದ ಜಾಗದಲ್ಲಿ, ಹಿಂದೆ ಯಾರೂ ಇಲ್ಲದಾಗ ಲಿವರನ್ನು ಮ್ಯಾನುವಲ್‌ಗೆ ತಳ್ಳಿ ನೋಡಿ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ, ಯಾವ ಗೇರಲ್ಲಿ 40ರ ವೇಗಕ್ಕೆ ಮುಳ್ಳು ಎಲ್ಲಿರುತ್ತೆ ಅಂತ ಕೈಗೂ ಕಿವಿಗೂ ಪರಿಚಯ ಆಗಲಿ. ಮನೆಯಲ್ಲಿ ಗಾಡಿ ಓಡಿಸೋ ಎಲ್ಲರೂ ಒಂದೊಂದು ಸಲ ಮಾಡಲಿ. ಘಾಟಿಯ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ ಅಮ್ಮ ಕೂತಿರುವಾಗ, ಮೈನಸ್ ಯಾವ ಕಡೆ ಅಂತ ಹುಡುಕೋ ಹಾಗೆ ಆಗಬಾರದು.

ಮುಂದಿನ ಅಂಕಣದಲ್ಲಿ ಡಿಪಿಎಫ್ ಬಗ್ಗೆ ಬರೀತೀನಿ. ದಿನಾ ಐದು ಕಿ.ಮೀ. ಮಾತ್ರ ಓಡೋ ಡೀಸೆಲ್ ಗಾಡಿಗೆ ಏನು ಮಾಡಬೇಕು ಅಂತ ಬಹಳ ಜನ ಕೇಳಿದ್ದೀರಿ.